ಸೇವಾಮಯಿ ಡಾ. ಸೌಂದರಂ

ತಮಿಳುನಾಡಿನ ದಿಂಡಿಗಲ್ ಮತ್ತು ತೇನಿ ಸೀಮೆಯಲ್ಲಿ ಇಂದಿಗೂ ಮನೆಯಲ್ಲಿ ಕನ್ನಡವನ್ನಾಡುವ ರೈತ ಕುಟುಂಬಗಳಿವೆ. ದಿಂಡಿಗಲ್ ಸುತ್ತಲಿನ ಹಳ್ಳಿಗರ ಬಳಿಗೆ ಆಸ್ಪತ್ರೆಯನ್ನು ತಂದ ಪುಣ್ಯವಂತೆ ಡಾ. ಸೌಂದರಂ ರಾಮಚಂದ್ರನ್.

ಸೌಂದರಂ 1904ರಲ್ಲಿ ಜನಿಸಿದರು. ತಂದೆ ಹೆಸರಾಂತ ಉದ್ಯಮಿ ಟಿ. ವಿ. ಸುಂದರಂ ಅಯ್ಯಂಗಾರ್. ಅಂದಿನ ರೂಢಿಯಂತೆ ಚಿಕ್ಕಂದಿನಲ್ಲೇ ವಿವಾಹವಾಯಿತು. ವೈದ್ಯರಾಗಿದ್ದ ಪತಿ 1925ರಲ್ಲಿ ಪ್ಲೇಗಿಗೆ ಬಲಿಯಾದರು. ವಿಧವೆಯರು ಮನೆಯ ಮೂಲೆ ಸೇರಬೇಕಾಗಿದ್ದ ಕಾಲವದು. ಸೌಂದರಂ ಧೃತಿಗೆಡಲಿಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ 1936ರಲ್ಲಿ ವೈದ್ಯೆಯಾದರು. 1940ರಲ್ಲಿ, ಮನೆಯವರ ವಿರೋಧವಿದ್ದರೂ, ಗಾಂಧೀಜಿಯವರ ಆಶೀರ್ವಾದದೊಡನೆ ಜಿ. ರಾಮಚಂದ್ರನ್ ಅವರನ್ನು ಕೈಹಿಡಿದರು.

1947ರಲ್ಲಿ ದಂಪತಿಗಳು ದಿಂಡಿಗಲ್ ಬಳಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. ಚಿನ್ನಾಳಪಟ್ಟಿಯಲ್ಲಿ ಕೇವಲ 2 ಹಾಸಿಗೆಗಳಿಂದ ಆರಂಭವಾದ ಚಿಕಿತ್ಸಾಲಯವೇ ಮುಂದೆ ಕಸ್ತೂರಬಾ ಆಸ್ಪತ್ರೆಯಾಗಿ ಬೆಳೆಯಿತು. ಹೆಣ್ಣುಮಕ್ಕಳಿಗೆ ಆರೋಗ್ಯ ಸೇವೆಯ ತರಬೇತಿಯೂ ಗಾಂಧಿಗ್ರಾಮದಲ್ಲಿ ದೊರೆಯಿತು.

ಇದರ ಬೆಲೆ ಬಲ್ಲವರೇ ಬಲ್ಲರು. ಹಾಸಿಗೆ ಹಿಡಿದ ವೃದ್ಧರಿಗೆ ಔಷಧಿಯೊಂದೇ ಸಾಲದು. ಮಗ್ಗುಲು ಬದಲಿಸಬೇಕು, ಗಂಜಿ ಕುಡಿಸಬೇಕು. ಬಾಗಿಲ ಬಳಿ ಕಂಗಾಲಾಗಿ ನಿಂತ ಮಕ್ಕಳಿಗೆ ನಾಲ್ಕು ಧೈರ್ಯದ ಮಾತು ಹೇಳಬೇಕು. ಹಳ್ಳಿಯ ಮಾತು ಬಲ್ಲ ದಾದಿಯಿದ್ದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.

ಸೌಂದರಂ ಶಾಸಕಿಯಾದರು, ಕೇಂದ್ರದ ಶಿಕ್ಷಣ ಉಪಮಂತ್ರಿಯೂ ಆದರು. 1962ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1984ರಲ್ಲಿ ಅವರು ನಿಧನರಾದರು. ಆಸ್ಪತ್ರೆಯ ಸೇವೆ ಮಾತ್ರ ನಿಲ್ಲಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಮ್ಮ ಮನೆಯಲ್ಲೂ ಅಜ್ಜ ಅಜ್ಜಿಯರಿದ್ದಾರೆ. ಅವರು ಕರೆದಾಗ ಒಂದು ಲೋಟ ನೀರು ಕೊಡುವುದರಿಂದಲೇ ಸೇವೆಯ ಪಾಠ ಮೊದಲಾಗಲಿ.