ವಿಜ್ಞಾನತಪಸ್ವಿ ಮೆಚ್ನಿಕಾಫ್

ಬದನಗುಪ್ಪೆಯ ಹೊಲದ ಬದುಗಳ ಮೇಲೆ ನಡೆದು ಶಾಲೆಗೆ ಬರುವ ಬಾಲಕರಲ್ಲಿ ಜಾಲಿಯ ಮುಳ್ಳು ತುಳಿಯದವರು ವಿರಳ. ಮುಳ್ಳು ಮುರಿದ ಎಡೆ ಕೆಂಪೇರಿ, ಬಿಸಿಯಾಗಿ, ಊದಿ, ಕೀವು ತುಂಬುವುದನ್ನು ಎಲ್ಲರೂ ಬಲ್ಲರು. ವೈದ್ಯಶಾಸ್ತ್ರವು ಇದನ್ನು ಉರಿಯೂತವೆನ್ನುತ್ತದೆ. ಇದು ದೇಹವು ತನ್ನ ರಕ್ಷಣೆಗಾಗಿ ಹೂಡುವ ಸಮರವೆಂಬುದನ್ನು ಜೀವಂತ ಪ್ರಾಣಿಯೊಳಗೇ ಕಣ್ಣಾರೆ ಕಂಡು ಲೋಕಕ್ಕೆ ಸಾರಿದವರು ಈಲ್ಯಾ ಮೆಚ್ನಿಕಾಫ್.

1845ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಖಾರ್ಕೋವ್ ನಗರದ ಸಮೀಪದಲ್ಲಿ ಜನಿಸಿದ ಇವರು ಒಡೆಸ್ಸಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ವಿದ್ಯೆ ಒಲಿದಂತೆ ಸುಖ ಒಲಿಯಲಿಲ್ಲ. ಮೊದಲ ಪತ್ನಿ ಲುದ್ಮಿಲಾ ಕ್ಷಯಪೀಡಿತೆ. ವಿವಾಹದ ದಿನವೇ ನಡೆಯಲಾರದೆ ಕುರ್ಚಿಯಲ್ಲಿ ಕುಳಿತು ಇಗರ್ಜಿಗೆ ಬಂದವರು. 1873ರಲ್ಲಿ ಆಕೆ ಕಾಲವಶರಾದಾಗ ಶೋಕದಿಂದಲೂ ಕಣ್ಣಿನ ಬೇನೆಯಿಂದಲೂ ಕಂಗೆಟ್ಟ ಮೆಚ್ನಿಕಾಫರು ಪ್ರಾಣತ್ಯಾಗಕ್ಕೆ ಯತ್ನಿಸಿ ಹೇಗೋ ಬದುಕುಳಿದರು. 1882ರಲ್ಲಿ ವಿಶ್ವವಿದ್ಯಾನಿಲಯದ ರಾಜಕೀಯ ಗೊಂದಲಕ್ಕೆ ಬೇಸತ್ತು ರಾಜೀನಾಮೆಯಿತ್ತು, ಎರಡನೆಯ ಪತ್ನಿ ಓಲ್ಗಾ ಹಾಗೂ ಆಕೆಯ ಒಡಹುಟ್ಟಿದವರೊಡನೆ ಇಟಲಿಯ ಮೆಸ್ಸಿನಾ ಸೇರಿದರು. ಹುದ್ದೆಯಿಲ್ಲ, ಮನೆಯ ಹಜಾರವೇ ಪ್ರಯೋಗಶಾಲೆ.

ಅಲ್ಲಿ ಒಂದು ದಿನ ಮನೆಯವರೆಲ್ಲ ಕಪಿಗಳ ಆಟ ನೋಡಲು ಸರ್ಕಸ್ಸಿಗೆ ತೆರಳಿದ್ದರು. ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಳಗೆ ಸಂಚರಿಸುವ ಜೀವಕಣಗಳನ್ನು ನೋಡುತ್ತಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು: ಈ ಕಣಗಳು ಹೊರಗಿನಿಂದ ಹೊಕ್ಕ ವಸ್ತುವನ್ನು ಎದುರಿಸುವ ಕಾವಲುಗಾರರಿರಬಹುದೆ? ಒಡನೆಯೇ ಕೈತೋಟದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಮೈಗೆ ಚುಚ್ಚಿದರು. ಆ ರಾತ್ರಿ ನಿದ್ರೆಯಿಲ್ಲ. ಬೆಳಗಾಗುತ್ತಲೇ ನೋಡಿದರೆ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಆ ಮರಿಗೆ ರಕ್ತನಾಳಗಳಿಲ್ಲ. ಆದುದರಿಂದ ಉರಿಯೂತದ ಮೂಲವು ನಾಳಗಳಲ್ಲಿಲ್ಲ, ಈ ಕಣಗಳಲ್ಲಿಯೇ ಇದೆಯೆಂದು ಅವರು ನಿರ್ಣಯಿಸಿದರು. ಮುಂದೆ ಡಾಫ್ನಿಯಾ ಎಂಬ ಪುಟ್ಟ ಜಲಜೀವಿಯಲ್ಲಿ ರೋಗಾಣುಗಳನ್ನು ಕಣಗಳು ನುಂಗುವುದನ್ನೂ ಕಂಡು 1884ರಲ್ಲಿ ಪ್ರಕಟಿಸಿದರು.

ನ್ಯಾಯವಾಗಿ ಹೇಳಬೇಕಾದರೆ, 1867ರಲ್ಲಿಯೇ ಜರ್ಮನಿಯ ಕೋನ್‌ಹೈಮರು ಜೀವಂತ ಕಪ್ಪೆಯ ಪಾರದರ್ಶಕ ಪೊರೆಯಲ್ಲಿ ಬಿಳಿ ರಕ್ತಕಣಗಳು ನಾಳದ ಗೋಡೆಯನ್ನು ನುಸುಳಿ ಹೊರಬರುವುದನ್ನು ವಿವರಿಸಿದ್ದರು. ಅವು ಏತಕ್ಕೆ ಹೊರಡುತ್ತವೆಂಬುದಕ್ಕೆ ಉತ್ತರವಿತ್ತವರು ಮೆಚ್ನಿಕಾಫರು. ರಕ್ತದ ದ್ರವದಲ್ಲಿಯೇ ರಕ್ಷಣೆಯಿದೆಯೆಂದು ವಾದಿಸಿದ ಪಂಡಿತರು ವರ್ಷಗಟ್ಟಲೆ ಇವರನ್ನು ಖಂಡಿಸಿದರು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿತ್ತು. 1908ರ ನೊಬೆಲ್ ಪಾರಿತೋಷಕವು ಇವರಿಗೂ ಪಾಲ್ ಎರ್ಲಿಕ್‌ರಿಗೂ ಸಮನಾಗಿ ಸಂದಿತು.

ಒಡೆಸ್ಸಾದಲ್ಲಿ ಇವರ ಶಿಷ್ಯರಾಗಿದ್ದ ಹಾಫ್ಕಿನ್ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದರು. ಮರುವರ್ಷವೇ ಆ ಮಾರಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತೆಂಬುದನ್ನು ನೆನೆದರೆ ಈ ಗುರುಪರಂಪರೆ ನಮಗೆ ದೂರದ್ದೆನಿಸದು.

1888ರಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫರು ಮುಪ್ಪಿನಲ್ಲಿ ದೀರ್ಘಾಯುಷ್ಯಕ್ಕೆ ಹುಳಿಹಾಲನ್ನು ಕೊಂಡಾಡುತ್ತಿದ್ದರು. ಮಜ್ಜಿಗೆಯುಣ್ಣುವ ನಮ್ಮವರಿಗೆ ಇದು ಹೊಸತೇನಲ್ಲ. 1916ರಲ್ಲಿ ಅಲ್ಲಿಯೇ ಕಾಲವಾದರು. ಇಂದು ಪಾರದರ್ಶಕವಾದ ಜೀಬ್ರಾಮೀನಿನ ಮರಿಗಳಲ್ಲಿ ಹೊಳೆಯುವಂತೆ ಮಾಡಿದ ಬಿಳಿ ಕಣಗಳು ಗಾಯದತ್ತ ಧಾವಿಸುವುದನ್ನು ವಿಜ್ಞಾನಿಗಳು ಚಲನಚಿತ್ರದಂತೆ ಸೆರೆಹಿಡಿಯುತ್ತಾರೆ. ಅವರ ಚಿತಾಭಸ್ಮವು ಪಾಶ್ಚರ್ ಸಂಸ್ಥೆಯಲ್ಲಿಯೇ ಇದೆ.