ತತ್ತ್ವಜ್ಞ ವಿಲಿಯಂ ಜೇಮ್ಸ್

ಧರ್ಮಕ್ಕೆ ತತ್ತ್ವಶಾಸ್ತ್ರದ ದೃಷ್ಟಿಯಲ್ಲಿ ಇನ್ನೂ ಬೆಲೆಯುಂಟೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ವಿದ್ವಾಂಸರನ್ನು ಬಹುವಾಗಿ ಕಾಡಿತು. 1859ರಲ್ಲಿ ಡಾರ್ವಿನ್ನನ ಗ್ರಂಥ ಪ್ರಕಟವಾದ ತರುವಾಯ ಸೃಷ್ಟಿಕರ್ತನ ಅವಶ್ಯಕತೆಯೇ ಇಲ್ಲವೆಂದು ಹಲವರು ಭಾವಿಸಿದರು. ಸೃಷ್ಟಿಕರ್ತೃವಾದವನ್ನು ಎಂದೂ ಒಪ್ಪದ ಜೈನರಿಗೆ ಅದರಲ್ಲಿ ದಿಗಿಲುಗೊಳ್ಳುವಂಥದ್ದು ಏನೂ ಇಲ್ಲ. ಆದರೆ ಅದರ ಜೊತೆಗೇ ಇನ್ನೊಂದು ವಾದವೂ ಬಲವಾಯಿತು. ಮನಸ್ಸು ಮೆದುಳಿನ ಯಾಂತ್ರಿಕ ವ್ಯಾಪಾರವಷ್ಟೇ, ಮನುಷ್ಯನ ಸಂಕಲ್ಪವೆಂಬುದು ಬರಿಯ ಭ್ರಮೆ ಎಂಬುದೇ ಆ ವಾದ. ಇದು ವ್ರತದ ಬುಡಕ್ಕೇ ಇಟ್ಟ ಕೊಡಲಿ. ಸಂಕಲ್ಪವೇ ಸುಳ್ಳಾದರೆ ವ್ರತವನ್ನು ಸ್ವೀಕರಿಸುವವರಾರು, ಪಾಲಿಸುವವರಾರು? ಈ ವಾದದ ಬಿಸಿಯನ್ನು ಗ್ರಂಥಗಳಲ್ಲಿ ಮಾತ್ರವಲ್ಲದೆ ತಮ್ಮ ಬಾಳಿನಲ್ಲಿಯೇ ಅನುಭವಿಸಿದವರು ಅಮೆರಿಕದ ವಿಲಿಯಂ ಜೇಮ್ಸ್.

ಜೇಮ್ಸ್ 1842ನೆಯ ಇಸವಿ ಜನವರಿ 11ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಐರ್ಲೆಂಡಿನಿಂದ ಬಂದ ಅಜ್ಜ ಅಪಾರ ಸಂಪತ್ತನ್ನು ಗಳಿಸಿಟ್ಟಿದ್ದರಿಂದ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ತಂದೆ ಹೆನ್ರಿ ಬಾಲ್ಯದಲ್ಲಿ ಬೆಂಕಿಯ ಅಪಘಾತದಿಂದ ಒಂದು ಕಾಲನ್ನು ಕಳೆದುಕೊಂಡವರು. ಸ್ವೀಡನ್ನಿನ ಅನುಭಾವಿ ಸ್ವೀಡನ್‌ಬೋರ್ಗನ ಬೋಧೆಗೆ ಮನಸೋತು, ಜೀವಮಾನವೆಲ್ಲ ಧರ್ಮವಿಚಾರವನ್ನೇ ಬರೆದವರು. ತಮ್ಮನಾದ ಇನ್ನೊಬ್ಬ ಹೆನ್ರಿ ಮುಂದೆ ಹೆಸರಾಂತ ಕಾದಂಬರಿಕಾರರಾದರು. ವಿಲಿಯಂ ಮೊದಲು ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಅದನ್ನು ಬಿಟ್ಟು 1861ರಲ್ಲಿ ಹಾರ್ವರ್ಡಿನಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದರು. ಅಲ್ಲಿಂದ ವೈದ್ಯಶಾಸ್ತ್ರಕ್ಕೆ ತಿರುಗಿದರು. ನಡುವೆ 1865ರಲ್ಲಿ ಪ್ರಾಣಿಶಾಸ್ತ್ರಜ್ಞ ಅಗಾಸಿಯವರ ತಂಡದೊಡನೆ ಬ್ರೆಜಿಲ್ ದೇಶಕ್ಕೆ ಹೋಗಿ ಸಿಡುಬಿನಿಂದ ನರಳಿದರು. 1869ರಲ್ಲಿ ವೈದ್ಯಪದವಿ ದೊರೆಯಿತು. ಆದರೆ ಅವರು ಎಂದೂ ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ.

ಆ ವೇಳೆಗೆ ಬೆನ್ನುನೋವು, ಕಣ್ಣಿನ ಬೇನೆ, ನಿದ್ರಾಹೀನತೆಗಳಿಂದ ದೇಹ ಬಳಲಿತ್ತು. ದೇಹಕ್ಕಿಂತ ಮನಸ್ಸು ಹೆಚ್ಚು ಬಳಲಿತ್ತು. ತಾವು ಕಲಿತ ವಿಜ್ಞಾನವೇ ಮನುಷ್ಯನನ್ನು ಕೀಲುಗೊಂಬೆಯೆಂದು ಸಾರುತ್ತಿರುವಂತೆ ಅವರಿಗೆ ತೋರಿತು. ಆತ್ಮಹತ್ಯೆಯ ಯೋಚನೆಯೂ ಸುಳಿಯುತ್ತಿತ್ತು. ಒಂದು ಸಂಜೆ ಮಬ್ಬುಗತ್ತಲಿನ ಕೋಣೆಯನ್ನು ಹೊಕ್ಕಾಗ, ಹಿಂದೆ ಹುಚ್ಚಾಸ್ಪತ್ರೆಯಲ್ಲಿ ಕಂಡಿದ್ದ ಒಬ್ಬ ಅಪಸ್ಮಾರ ರೋಗಿಯ ಆಕೃತಿ ಒಮ್ಮೆಲೇ ಕಣ್ಣಮುಂದೆ ನಿಂತಿತು. ತಮಗೂ ಅವನಿಗೂ ಇರುವ ಅಂತರ ಕ್ಷಣಮಾತ್ರದ್ದು, ಆ ಗತಿ ತಮಗೂ ಬರಬಹುದು ಎಂಬ ಭೀತಿ ಅವರನ್ನು ಹಿಡಿದು ಅಲುಗಾಡಿಸಿತು. ಬಹುಕಾಲ ಅವರು ಕತ್ತಲಲ್ಲಿ ಒಬ್ಬರೇ ಹೋಗಲಾರದವರಾದರು. ಬೈಬಲ್ಲಿನ ಕೆಲವು ವಚನಗಳನ್ನು ಮನಸ್ಸಿನಲ್ಲೇ ಜಪಿಸುತ್ತ ಅವುಗಳಿಗೆ ಅಂಟಿಕೊಳ್ಳದಿದ್ದರೆ ನಿಜವಾಗಿಯೂ ಹುಚ್ಚು ಹಿಡಿಯುತ್ತಿತ್ತೆಂದು ಅವರು ಮುಂದೆ ನಂಬಿದರು. ಈ ಪ್ರಸಂಗವನ್ನು ಅವರು ಗ್ರಂಥದಲ್ಲಿ ಬರೆದಾಗ ಫ್ರೆಂಚ್ ರೋಗಿಯೊಬ್ಬನ ಅನುಭವವೆಂದು ಮರೆಮಾಚಿದರು. ಅದು ತಮ್ಮದೇ ಎಂಬುದನ್ನು ತಮ್ಮ ಗ್ರಂಥದ ಫ್ರೆಂಚ್ ಅನುವಾದಕರಿಗೆ ಮಾತ್ರ ತಿಳಿಸಿದರು.

1870ರ ಮಾರ್ಚ್ ತಿಂಗಳಲ್ಲಿ ಪ್ರೀತಿಯ ಸೋದರಸಂಬಂಧಿ ಮಿನ್ನಿ ಟೆಂಪಲ್ ಕ್ಷಯದಿಂದ ತೀರಿಕೊಂಡಳು. ಏಪ್ರಿಲ್ ಕೊನೆಯಲ್ಲಿ ಜೇಮ್ಸ್ ಫ್ರಾನ್ಸಿನ ತತ್ತ್ವಜ್ಞ ರೆನೂವಿಯೇನ ಪ್ರಬಂಧವೊಂದನ್ನು ಓದಿದರು. ಬೇರೆ ಆಲೋಚನೆಗಳು ಸಾಧ್ಯವಿರುವಾಗಲೂ ಒಂದನ್ನೇ ಆರಿಸಿ ಬಿಡದೆ ಹಿಡಿದಿರುವುದೇ ಸ್ವತಂತ್ರ ಸಂಕಲ್ಪ ಎಂಬ ವಿವರಣೆ ಅವರಿಗೆ ಹಿಡಿಸಿತು. ಏಪ್ರಿಲ್ 30ರ ದಿನಚರಿಯಲ್ಲಿ ಅವರು ಒಂದು ನಿಶ್ಚಯವನ್ನು ಬರೆದಿಟ್ಟರು: ಸಂಕಲ್ಪ ಸ್ವಾತಂತ್ರ್ಯವನ್ನು ನಂಬುವುದೇ ತಮ್ಮ ಸ್ವತಂತ್ರ ಸಂಕಲ್ಪದ ಮೊದಲ ಕಾರ್ಯವಾಗಲಿ, ಮುಂದಿನ ವರ್ಷದವರೆಗೆ ಅದು ಭ್ರಮೆಯಲ್ಲವೆಂದು ಇಟ್ಟುಕೊಂಡು ನಡೆಯಬೇಕು, ಅಲ್ಲಿಯವರೆಗೆ ಬರಿಯ ಊಹಾಪೋಹದ ಚಿಂತನೆಯಿಂದ ದೂರವಿರಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕಾಲಮಿತಿಯುಳ್ಳ ವ್ರತವನ್ನು ನಿಯಮವೆಂದೂ ಯಾವಜ್ಜೀವದ ವ್ರತವನ್ನು ಯಮವೆಂದೂ ವಿಭಾಗಿಸಿದ್ದಾರೆ. ಆ ಮಾತುಗಳನ್ನು ಅರಿಯದ ಜೇಮ್ಸ್ ಕೈಗೊಂಡದ್ದು ಸ್ಪಷ್ಟವಾಗಿ ಒಂದು ನಿಯಮ. ಚಿಂತನೆಯಿಂದಲೇ ಜೀವಿಸುವ ಮನುಷ್ಯನಿಗೆ ಅದು ಒಂದು ಬಗೆಯ ಉಪವಾಸವೂ ಹೌದು. ಖಿನ್ನತೆ ಒಡನೆಯೇ ಮಾಯವಾಗಲಿಲ್ಲ, ಮತ್ತೆ ಮತ್ತೆ ಬಂದಿತು. ಆದರೂ ಕಾಲೂರಲು ನೆಲ ಸಿಕ್ಕಿತ್ತು. 1873ರಲ್ಲಿ ಅವರು ಹಾರ್ವರ್ಡಿನಲ್ಲಿ ಅಧ್ಯಾಪಕರಾದರು. 1878ರಲ್ಲಿ ಆಲಿಸ್ ಗಿಬ್ಬನ್ಸ್ ಎಂಬಾಕೆಯನ್ನು ವಿವಾಹವಾದರು. ಎರಡು ವರ್ಷದಲ್ಲಿ ಮುಗಿಸುವೆನೆಂದು ಅದೇ ವರ್ಷ ಒಪ್ಪಿಕೊಂಡ ಮನಶ್ಶಾಸ್ತ್ರದ ಗ್ರಂಥ ಹನ್ನೆರಡು ವರ್ಷ ಹಿಡಿದು 1890ರಲ್ಲಿ ಹೊರಬಂದಿತು.

ಆ ಗ್ರಂಥದಲ್ಲಿ ಅಭ್ಯಾಸಬಲವನ್ನು ಕುರಿತ ಅಧ್ಯಾಯ ವ್ರತನಿಷ್ಠರೆಲ್ಲ ಓದತಕ್ಕದ್ದು. ಹೊಸ ನಡತೆಯನ್ನು ದೃಢವಾಗಿ ಆರಂಭಿಸಬೇಕು. ಅದು ಬೇರೂರುವ ತನಕ ಒಂದು ವಿನಾಯಿತಿಯನ್ನೂ ಕೊಡಬಾರದು. ಇದೊಂದು ಸಲದ್ದು ಲೆಕ್ಕಕ್ಕಿಲ್ಲವೆನ್ನುವ ಕುಡುಕನನ್ನು ದೇವರು ಕ್ಷಮಿಸಿದರೂ ಅವನ ನರತಂತುಗಳು ಲೆಕ್ಕವಿಡುತ್ತವೆಂದು ಜೇಮ್ಸ್ ಎಚ್ಚರಿಸುತ್ತಾರೆ. ಅತಿಚಾರಗಳನ್ನು ಎಣಿಸಿ ಆಲೋಚನೆ ಮಾಡುವ ಶ್ರಾವಕರಿಗೆ ಈ ಮಾತು ಹೊಸದೇನಲ್ಲ. ದಿನವೂ ಇಷ್ಟವಿಲ್ಲದ ಒಂದು ಸಣ್ಣ ಕಾರ್ಯವನ್ನು, ಅದು ಕಷ್ಟವೆಂಬ ಕಾರಣಕ್ಕಾಗಿಯೇ ಮಾಡಬೇಕೆಂದೂ ಅವರು ಸಲಹೆಯಿತ್ತರು. ಇಂಥ ತಪಸ್ಸು ಮನೆಗೆ ಕಟ್ಟುವ ವಿಮೆಯಂತೆ; ಬೆಂಕಿ ಬಿದ್ದ ದಿನ ಅದರ ಉಪಯೋಗ ತಿಳಿಯುತ್ತದೆ.

ಸಾಕಷ್ಟು ಪ್ರಮಾಣವಿಲ್ಲದೆ ಯಾವುದನ್ನೂ ನಂಬುವುದು ಅನೈತಿಕವೆಂದು ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ವಾದಿಸಿದ್ದರು. ಜೇಮ್ಸ್ 1896ರ ಉಪನ್ಯಾಸವೊಂದರಲ್ಲಿ ಅದಕ್ಕೆ ಉತ್ತರವಿತ್ತರು. ಬುದ್ಧಿಯಿಂದ ನಿರ್ಣಯಿಸಲಾಗದ, ಆದರೆ ನಿರ್ಣಯಿಸದೆ ಬಿಡಲಾಗದ ಪ್ರಶ್ನೆಗಳಿವೆ. ಅಲ್ಲಿ ಸುಮ್ಮನೆ ಕಾಯುವುದೂ ಒಂದು ನಿರ್ಣಯವೇ ಎಂದರು. ಯಾವುದನ್ನು ಬೇಕಾದರೂ ನಂಬಬಹುದೆಂಬ ಅಪ್ಪಣೆಯಿದು ಎಂದು ಕೆಲವರು ಹಳಿದರು. ಅವರ ಷರತ್ತುಗಳನ್ನು ಗಮನಿಸಿದವರು ಹಾಗೆನ್ನಲಾರರು.

1898ರಲ್ಲಿ ಬೆಟ್ಟ ಹತ್ತುವಾಗಿನ ಅತಿಶ್ರಮದಿಂದ ಅವರ ಹೃದಯ ಕೆಟ್ಟಿತು. ಎಡಿನ್‌ಬರೋದಲ್ಲಿ ಧರ್ಮವನ್ನು ಕುರಿತು ನೀಡಬೇಕಾಗಿದ್ದ ಗಿಫರ್ಡ್ ಉಪನ್ಯಾಸಗಳು ಮುಂದೆ ಹೋದವು. 1901 ಮತ್ತು 1902ರಲ್ಲಿ ಹತ್ತು ಹತ್ತರಂತೆ ಇಪ್ಪತ್ತು ಉಪನ್ಯಾಸಗಳಾದವು. ಅವೇ ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯನ್ಸ್ ಎಂಬ ಗ್ರಂಥವಾದವು. ಮೊದಲ ಹತ್ತು ವರ್ಣನೆಗೆ, ಉಳಿದ ಹತ್ತು ತತ್ತ್ವವಿಮರ್ಶೆಗೆ ಎಂಬುದು ಅವರ ಯೋಜನೆ. ಆದರೆ ಭಕ್ತರ, ಸಾಧಕರ, ಪಶ್ಚಾತ್ತಾಪಿಗಳ ವೃತ್ತಾಂತಗಳೇ ಬೆಳೆದು ತತ್ತ್ವಕ್ಕೆ ಉಳಿದ ಜಾಗ ಅಲ್ಪ. ಇದು ಆಕಸ್ಮಿಕವೇ ಆದರೂ ಉಚಿತವೇ ಆಯಿತು. ಶುದ್ಧ ತರ್ಕದಿಂದ ಧರ್ಮವನ್ನು ಸ್ಥಾಪಿಸಲಾಗದು, ತರ್ಕವು ಅನುಭವವನ್ನು ಹಿಂಬಾಲಿಸತಕ್ಕದ್ದು ಎಂಬುದೇ ಅವರ ನಿಲುವಾಗಿತ್ತು.

ಸಂತರ ದರ್ಶನಗಳು ಅಪಸ್ಮಾರದಿಂದಲೋ ಅಜೀರ್ಣದಿಂದಲೋ ಹುಟ್ಟಿದವೆಂದು ತೋರಿಸಿದರೆ ಅವುಗಳ ಬೆಲೆ ತೀರ್ಮಾನವಾಯಿತೆಂಬ ವೈದ್ಯರ ವಾದವನ್ನು ವೈದ್ಯರೇ ಆಗಿದ್ದ ಜೇಮ್ಸ್ ತಳ್ಳಿಹಾಕಿದರು. ನಾಸ್ತಿಕನ ಅಭಿಪ್ರಾಯಕ್ಕೂ ದೇಹವೇ ಆಧಾರವಲ್ಲವೇ? ಬೇರನ್ನು ನೋಡಿ ಹಣ್ಣಿನ ರುಚಿಯನ್ನು ಹೇಳಲಾಗದು. ಇದೇ ಅಳತೆಗೋಲನ್ನು ಅವರು ತಪಸ್ಸಿಗೂ ಹಿಡಿದರು, ದಾಕ್ಷಿಣ್ಯವಿಲ್ಲದೆ ಹಿಡಿದರು. ಮೊಳೆಗಳಿದ್ದ ಒಳಉಡುಪನ್ನು ವರ್ಷಗಟ್ಟಲೆ ಧರಿಸಿದ ಜರ್ಮನಿಯ ಸೂಸೋನಂಥವರ ಆತ್ಮಪೀಡೆ ಅವರಿಗೆ ವಿಕಾರವಾಗಿ ಕಂಡಿತು. ಆದರೆ ಸುಖವನ್ನೇ ಪರಮಾರ್ಥವೆಂದು ತಿಳಿದು ಬಡತನಕ್ಕೆ ನಡುಗುತ್ತಿದ್ದ ತಮ್ಮ ಕಾಲದ ಶ್ರೀಮಂತ ಸಮಾಜ ಇನ್ನೂ ದೊಡ್ಡ ರೋಗವಾಗಿ ಕಂಡಿತು. ಯುದ್ಧವು ಮನುಷ್ಯನಲ್ಲಿ ಎಬ್ಬಿಸುವ ಧೈರ್ಯವನ್ನು ರಕ್ತಪಾತವಿಲ್ಲದೆ ಎಬ್ಬಿಸಬಲ್ಲದ್ದು ಸ್ವಯಂಸ್ವೀಕೃತ ದಾರಿದ್ರ್ಯವಾಗಬಹುದೆಂದು ಅವರು ಸೂಚಿಸಿದರು. ಅಪರಿಗ್ರಹಕ್ಕೆ ಪಶ್ಚಿಮದಿಂದ ದೊರೆತ ಗಟ್ಟಿ ಸಾಕ್ಷ್ಯಗಳಲ್ಲಿ ಇದೂ ಒಂದು.

ಅವರ ವಾದದಲ್ಲಿ ಕೊರತೆಯಿಲ್ಲವೆಂದಲ್ಲ. ಫಲ ಒಳ್ಳೆಯದಾದ ಮಾತ್ರಕ್ಕೆ ನಂಬಿದ್ದು ಸತ್ಯವಾಗುವುದೇ ಎಂಬ ಪ್ರಶ್ನೆ ಉಳಿದೇ ಇದೆ. ಏಕಾಂತದ ಅನುಭವವನ್ನೇ ಧರ್ಮವೆಂದು ಎಣಿಸಿದ ಅವರು ಸಂಘವನ್ನು ಬದಿಗಿಟ್ಟರು. ಅವರ ಸಹೋದ್ಯೋಗಿ ರಾಯ್ಸ್ ಇದಕ್ಕೆ ವ್ಯತಿರಿಕ್ತವಾಗಿ ಧರ್ಮದ ಜೀವಾಳ ಸಮುದಾಯದಲ್ಲಿದೆಯೆಂದರು. ವ್ರತವನ್ನು ಹತ್ತು ಜನರೆದುರು ಸ್ವೀಕರಿಸಿದವನಿಗೆ ರಾಯ್ಸರ ಮಾತೂ ಅನುಭವವೇದ್ಯ.

ಇನ್ನೂ ಒಂದು ವಿಷಯವುಂಟು. ಇಷ್ಟೆಲ್ಲ ಬರೆದ ಜೇಮ್ಸರಿಗೆ ಅನುಭಾವ ತಾವಾಗಿ ದೊರೆತಿರಲಿಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ. 1904ರಲ್ಲಿ ಶಿಷ್ಯರೊಬ್ಬರು ಕಳುಹಿಸಿದ ಪ್ರಶ್ನಾವಳಿಗೆ ಉತ್ತರಿಸುತ್ತ, ತಮಗೆ ಪ್ರಾರ್ಥನೆ ಮಾಡಲಾಗುವುದೇ ಇಲ್ಲ, ಅದು ಕೃತಕವೆನಿಸುತ್ತದೆ ಎಂದು ಬರೆದರು. ಮರಣಾನಂತರದ ಬಾಳಿನಲ್ಲಿ ತಮಗೆ ಎಂದೂ ತೀವ್ರ ನಂಬಿಕೆಯಿರಲಿಲ್ಲವೆಂದೂ, ವಯಸ್ಸಾದಂತೆ ಅದು ಬಲವಾಗುತ್ತಿದೆಯೆಂದೂ ತಿಳಿಸಿದರು. ಕಾರಣ ಕೇಳಿದ್ದಕ್ಕೆ, ಬದುಕಲು ತಕ್ಕ ಯೋಗ್ಯತೆ ತಮಗೆ ಈಗಷ್ಟೇ ಬರುತ್ತಿದೆಯೆಂದರು. ಚಿಕಿತ್ಸೆಗೆಂದು ಯೂರೋಪಿಗೆ ಹೋಗಿ ಫಲ ಕಾಣದೆ ಹಿಂತಿರುಗಿ, 1910ರ ಆಗಸ್ಟ್ 26ರಂದು ಚೊಕೋರುವಾದ ತಮ್ಮ ಬೇಸಿಗೆಯ ಮನೆಯಲ್ಲಿ ಅವರು ತೀರಿಕೊಂಡರು.