ಒಸಡು ಕೊಯ್ಯದೆ ಹಲ್ಲು ಉಳಿಸಿದ ಜಾನ್ ರಿಗ್ಸ್

ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಒತ್ತಿದರೆ ಕೀವು, ಬಾಯಲ್ಲಿ ದುರ್ವಾಸನೆ. ಕೊನೆಗೆ ಹುಳುಕೇ ಇಲ್ಲದ ಹಲ್ಲು ಅಲುಗಾಡಿ ಬೀಳುತ್ತದೆ. ಇದು ಹಳ್ಳಿಗಳಲ್ಲಿ ಪಯೋರಿಯಾ ಎಂದೇ ಪರಿಚಿತ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಇದನ್ನು ರಿಗ್ಸ್ ಕಾಯಿಲೆ ಎನ್ನುತ್ತಿದ್ದರು. ಇದು ವಾಸಿಯಾಗುವ ರೋಗವೆಂದು ತೋರಿಸಿಕೊಟ್ಟ ದಂತವೈದ್ಯ ಜಾನ್ ಮ್ಯಾಂಕಿ ರಿಗ್ಸ್ ಅವರಿಂದ ಬಂದ ಹೆಸರು ಅದು.

ರಿಗ್ಸ್ ಹುಟ್ಟಿದ್ದು 1811ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. 1837ರಲ್ಲಿ ಪದವಿ ಪಡೆದ ಅವರು ಹಾರ್ಟ್‌ಫೋರ್ಡ್ ನಗರದಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯರ ಬಳಿ ಕೆಲಸ ಕಲಿತರು.

1844ರ ಡಿಸೆಂಬರ್ 10ರಂದು ಆ ಊರಿನಲ್ಲಿ ನಗೆ ಅನಿಲದ ಪ್ರದರ್ಶನ ನಡೆಯಿತು. ಅನಿಲ ಸೇದಿದ ಒಬ್ಬನ ಕಾಲಿಗೆ ಪೆಟ್ಟಾದರೂ ಅವನಿಗೆ ನೋವೇ ತಿಳಿಯಲಿಲ್ಲ. ಇದನ್ನು ಗಮನಿಸಿದ ವೆಲ್ಸ್ ಮರುದಿನವೇ ತಾವು ಅನಿಲ ಸೇದಿ ಕುರ್ಚಿಯಲ್ಲಿ ಕುಳಿತರು. ಅವರ ಹಲ್ಲು ಕಿತ್ತವರು ರಿಗ್ಸ್. ವೆಲ್ಸ್ ಅವರಿಗೆ ನೋವಾಗಲಿಲ್ಲ. ಆದರೆ 1845ರಲ್ಲಿ ಬಾಸ್ಟನ್ನಿನಲ್ಲಿ ವೆಲ್ಸ್ ನಡೆಸಿದ ಪ್ರಯೋಗ ನಗೆಪಾಟಲಾಯಿತು. 1848ರಲ್ಲಿ ಅವರು ತೀರಿಕೊಂಡರು. ಅರಿವಳಿಕೆಯ ಕೀರ್ತಿ ವೆಲ್ಸ್ ಅವರಿಗೇ ಸಲ್ಲಬೇಕೆಂದು ರಿಗ್ಸ್ ಸಾಕ್ಷಿ ನುಡಿದರು.

ಇತಿಹಾಸದ ಪುಸ್ತಕಗಳು ರಿಗ್ಸ್ ಅವರನ್ನು ನೆನೆಯುವುದು ಹೆಚ್ಚಾಗಿ ಆ ಒಂದು ಹಲ್ಲು ಕಿತ್ತದ್ದಕ್ಕೆ. ಅವರ ಬದುಕಿನ ಬಹುಪಾಲು ಕಳೆದದ್ದು ಹಲ್ಲು ಉಳಿಸುವುದರಲ್ಲಿ.

ಆ ಕಾಲದಲ್ಲಿ ಒಸಡಿನ ರೋಗಕ್ಕೆ ಹಲ್ಲು ಕೀಳುವುದೇ ಮದ್ದಾಗಿತ್ತು. ಕೆಲವು ವೈದ್ಯರು ಒಸಡನ್ನೇ ಕತ್ತರಿಸುತ್ತಿದ್ದರು. ದೇಹದ ದೋಷವೇ ಬಾಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನಂಬಿದವರೂ ಇದ್ದರು. ರಿಗ್ಸ್ ಎರಡನ್ನೂ ಒಪ್ಪಲಿಲ್ಲ. ರೋಗದ ಮೂಲ ಇರುವುದು ಹಲ್ಲಿನ ಮೇಲೆ, ಒಸಡಿನ ಅಂಚಿನಲ್ಲಿ ಕಟ್ಟಿದ ಪಾಚಿಯಲ್ಲಿ ಎಂಬುದು ಅವರ ವಾದ. ಸಣ್ಣ ಸಲಕರಣೆಗಳಿಂದ ಒಸಡಿನ ಕೆಳಗೂ ಇಳಿದು, ಬೇರಿಗೆ ಅಂಟಿದ ಗಟ್ಟಿ ಪಾಚಿಯನ್ನು ಕೆರೆದು ತೆಗೆದು, ಹಲ್ಲನ್ನು ನಯಗೊಳಿಸುತ್ತಿದ್ದರು. ಮುಂದಿನದು ರೋಗಿಯ ಕೆಲಸ: ದಿನವೂ ಚೆನ್ನಾಗಿ ಉಜ್ಜಬೇಕು. 1876ರಲ್ಲಿ ಅವರ ಲೇಖನ ಪ್ರಕಟವಾಯಿತು. ಹಾರ್ಟ್‌ಫೋರ್ಡಿನಲ್ಲಿದ್ದ ಸಾಹಿತಿ ಮಾರ್ಕ್ ಟ್ವೇನ್ ಕೂಡ ಅವರ ರೋಗಿ. ಆ ಕುರ್ಚಿಯ ಅನುಭವವನ್ನು ಟ್ವೇನ್ ಬರೆದಿಟ್ಟಿದ್ದಾರೆ. 1885ರಲ್ಲಿ ರಿಗ್ಸ್ ನಿಧನರಾದರು.

ರೋಗಕ್ಕೆ ನಿಜವಾದ ಕಾರಣ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಎಂಬುದು ಅವರ ನಂತರ ತಿಳಿಯಿತು. ಡೆನ್ಮಾರ್ಕಿನಲ್ಲಿ ನಡೆದು 1965ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ಬಿಟ್ಟರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು.

ಇಂದಿಗೂ ಒಸಡಿನ ರೋಗಕ್ಕೆ ಮೊದಲ ಚಿಕಿತ್ಸೆ ರಿಗ್ಸ್ ಮಾಡುತ್ತಿದ್ದ ಸ್ವಚ್ಛತೆಯೇ. ಅದರಿಂದಲೂ ಗುಣವಾಗದ ಆಳವಾದ ಸಂದುಗಳಿಗೆ ಮಾತ್ರ ಶಸ್ತ್ರಚಿಕಿತ್ಸೆಯ ಯೋಚನೆ. ಆದರೆ ಕರಗಿದ ಮೂಳೆ ಇದರಿಂದ ಪೂರ್ತಿ ಮರಳಿ ಬರುವುದಿಲ್ಲ, ಆದ್ದರಿಂದ ತಡಮಾಡಬಾರದು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಮೂಳೆ ಕರಗಿ ಆಗಲೇ ಸಡಿಲವಾದ ಹಲ್ಲನ್ನು ಗಟ್ಟಿ ಪಾಚಿ ಹಿಡಿದಿರುತ್ತದೆ. ಪಾಚಿ ಹೋದಾಗ ಇದ್ದ ಸಡಿಲ ತಿಳಿಯುತ್ತದೆ, ಅಷ್ಟೇ. ತಂಬಾಕು, ಮಿಶ್ರಿ ಬಳಸುವವರೂ ಸಕ್ಕರೆ ಕಾಯಿಲೆಯವರೂ ಹೆಚ್ಚು ಎಚ್ಚರದಿಂದಿರಬೇಕು. ಒಸಡಿನಲ್ಲಿ ರಕ್ತ ಕಂಡಾಗಲೇ ದಂತವೈದ್ಯರ ಬಳಿ ಹೋದವರಿಗೆ ಕತ್ತಿಯ ಅಗತ್ಯ ಬೀಳುವುದು ಕಡಿಮೆ.